10 ಮೀಟರ್ ಏರ್ ರೈಫಲ್: ಮೈಗೆ ಹೊಂದುವ ರೈಫಲ್, ಬ್ಯಾರೆಲ್‌ಗೆ ಹೊಂದುವ ಪೆಲ್ಲೆಟ್

ಶೂಟಿಂಗ್ ಶುರು ಮಾಡಿದವರು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರು, ಪದೇ ಪದೇ ಕೇಳುವುದು ಎರಡು ಪ್ರಶ್ನೆ. ಯಾವ ರೈಫಲ್ ತೆಗೆದುಕೊಳ್ಳಬೇಕು? ಯಾವ ಪೆಲ್ಲೆಟ್ (ಏರ್ ರೈಫಲ್‌ಗೆ ಹಾಕುವ ಸೀಸದ ಸಣ್ಣ ಗುಂಡು) ಹಾಕಬೇಕು? ಈ ಎರಡರ ನಡುವೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ: ಕೊಂಡ ರೈಫಲನ್ನು ನನ್ನ ಮೈಗೆ ಹೊಂದಿಸಿಕೊಳ್ಳುವುದು ಹೇಗೆ? ಹೆಚ್ಚಿನ ಅಂಕ ಕೈಬಿಟ್ಟು ಹೋಗುವುದು ಅಲ್ಲಿಯೇ. ಹಾಗಾಗಿ ಈ ಲೇಖನದಲ್ಲಿ ಮೊದಲು ಮೈ, ಆಮೇಲೆ ರೈಫಲ್, ಕೊನೆಗೆ ಪೆಲ್ಲೆಟ್. ಈ ಕ್ರಮವನ್ನು ದಯವಿಟ್ಟು ತಿರುಗಿಸಬೇಡಿ.

ಇನ್ನೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿದೇಶದ ವಿಡಿಯೊಗಳಲ್ಲಿ ಬ್ಯಾರೆಲ್ (ನಳಿಗೆ), ಸ್ಟಾಕ್ (ಕೈಯಲ್ಲಿ ಹಿಡಿದು ಭುಜಕ್ಕೆ ಒರಗಿಸುವ ಭಾಗ), ಟ್ರಿಗರ್ ಎಲ್ಲ ಬೇರೆಬೇರೆ ಕೊಂಡು ರೈಫಲ್ ಕಟ್ಟಿಸಿಕೊಳ್ಳುವವರು, ತೋಟಾಗೆ ಮದ್ದನ್ನೂ ತಾವೇ ಅಳೆದು ತುಂಬುವವರು ಕಾಣುತ್ತಾರೆ. ನಾವೂ ಮಾಡಬಹುದಾ ಎಂದು ಕೇಳುತ್ತೀರಿ. ಅಮೆರಿಕದಲ್ಲಿ ಅದು ಮಾಮೂಲಿ ಹವ್ಯಾಸ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವುದು ಅಪರಾಧ. ಅದರ ಕಡೆ ಹೋಗಬೇಡಿ. ಆದರೆ ಆ ಕೆಲಸದಲ್ಲಿ ಇರುವ ಖುಷಿ, ಅಂದರೆ ಒಂದೊಂದೇ ಅಂಶ ಬದಲಿಸುತ್ತಾ, ಅಳೆಯುತ್ತಾ, ಬರೆದಿಡುತ್ತಾ ರೈಫಲನ್ನು ತನ್ನದಾಗಿಸಿಕೊಳ್ಳುವ ಖುಷಿ, ಏರ್ ರೈಫಲ್‌ನಲ್ಲಿ ಪೂರ್ತಿಯಾಗಿ ಸಿಗುತ್ತದೆ. ಬೋರ್ (ನಳಿಗೆಯ ಒಳ ಅಗಲ) 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಸ್ಪರ್ಧೆಯ ರೈಫಲ್‌ಗಳ ಶಕ್ತಿ ಸಾಮಾನ್ಯವಾಗಿ 7.5 ಜೂಲ್ ಆಸುಪಾಸು. ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ. ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ, ಪ್ರಯಾಣದಲ್ಲಿ ಅದರ ಪ್ರತಿ ಜೊತೆಗಿರಲಿ.

ಎಷ್ಟು ಸಣ್ಣ ಅಳತೆಯ ಆಟ ಇದು

ಗುರಿಪಟದ ಲೆಕ್ಕ ಗೊತ್ತಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ. 10 ಮೀಟರ್ ದೂರದ ಪಟದಲ್ಲಿ ಕಪ್ಪು ಭಾಗದ ಅಗಲ 30.5 ಮಿ.ಮೀ. ಹತ್ತರ ವೃತ್ತ ಅಂದರೆ ನಡುವಿನ ಒಂದು ಚುಕ್ಕೆ, ಅದರ ಅಗಲ 0.5 ಮಿ.ಮೀ. ಪೆಲ್ಲೆಟ್‌ನ ಅಗಲವೇ 4.5 ಮಿ.ಮೀ. ಇರುವುದರಿಂದ, ಅದರ ಅಂಚು ಚುಕ್ಕೆಗೆ ತಾಗಿದರೂ 10.0 ಸಿಗುತ್ತದೆ. ಅಂದರೆ ಪೆಲ್ಲೆಟ್‌ನ ನಡುಭಾಗ ಪಟದ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಹತ್ತು. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರ್‌ಗೆ 0.1 ಸೇರುತ್ತಾ ಹೋಗುತ್ತದೆ. ಅತಿ ಹೆಚ್ಚು 10.9. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನ ಕೊನೆಯ ಗುಂಡಿಗೆ ಅಭಿನವ್ ಬಿಂದ್ರಾ ಪಡೆದದ್ದು 10.8. ಆ ಪೆಲ್ಲೆಟ್ ನಡುವಿನಿಂದ ಅರ್ಧ ಮಿಲಿಮೀಟರ್‌ಗಿಂತ ಆಚೆ ಹೋಗಿರಲಿಲ್ಲ ಎಂದಾಯಿತು.

ಅರ್ಹತಾ ಸುತ್ತಿನಲ್ಲಿ 60 ಗುಂಡು, ಗರಿಷ್ಠ 654.0 ಅಂಕ. ಸರಾಸರಿಯಲ್ಲಿ ಬರೀ ಕಾಲು ಮಿಲಿಮೀಟರ್ ಸುಧಾರಿಸಿದರೆ 6 ಅಂಕ ಹೆಚ್ಚುತ್ತದೆ. ಫೈನಲ್‌ಗೆ ಹೋಗುವವರಿಗೂ ಮನೆಗೆ ಹೋಗುವವರಿಗೂ ನಡುವಿನ ಅಂತರ ಎಷ್ಟೋ ಸಲ ಇದಕ್ಕಿಂತ ಕಡಿಮೆ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ದಕ್ಷಿಣ ಕೊರಿಯಾದ ಚಾಂಗ್‌ವಾನ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಬೆಳ್ಳಿ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ.

ಏನೇನು ಬೇಕು

ರೈಫಲ್, ಶೂಟಿಂಗ್ ಜಾಕೆಟ್, ಪ್ಯಾಂಟ್, ಶೂ, ಕೈಗವಸು. ಇವು ಹೇಗೂ ಬೇಕು. ಹೊಂದಿಸುವ ಕೆಲಸಕ್ಕೆ ಇನ್ನೂ ಕೆಲವು: ಅಲೆನ್ ಕೀಗಳ ಸೆಟ್, ಟಾರ್ಕ್ ರೆಂಚ್ (ಸ್ಕ್ರೂವನ್ನು ಎಷ್ಟು ಬಿಗಿ ಮಾಡಿದೆವು ಎಂದು ತೋರಿಸುವ ಸ್ಪ್ಯಾನರ್), ವರ್ನಿಯರ್ ಕ್ಯಾಲಿಪರ್, ಅಳತೆ ಟೇಪು, ಒಂದು ನೋಟ್‌ಬುಕ್. ಟಾರ್ಕ್ ರೆಂಚ್ ಸ್ವಂತ ಬೇಕಿಲ್ಲ, ರೇಂಜ್‌ನಲ್ಲಿ (ಶೂಟಿಂಗ್ ಅಭ್ಯಾಸದ ಜಾಗ) ಯಾರಾದರೂ ಕೊಡುತ್ತಾರೆ. ನೋಟ್‌ಬುಕ್ ಮಾತ್ರ ನಿಮ್ಮದೇ ಇರಬೇಕು.

ಹಂತ 1: ಯಾವ ಕಣ್ಣು ಮುಂದು, ನೋಡಿಕೊಳ್ಳಿ

ಸಾಮಾನ್ಯವಾಗಿ ಎಲ್ಲರಿಗೂ ಒಂದು ಕಣ್ಣು ಇನ್ನೊಂದಕ್ಕಿಂತ ಮುಂದಾಳು. ಎರಡೂ ಕೈ ಚಾಚಿ, ಅಂಗೈಗಳನ್ನು ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ. ಅದರ ಮೂಲಕ ದೂರದ ಸ್ವಿಚ್ ಬೋರ್ಡ್ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಬೋರ್ಡ್ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮುಂದಾಳು ಕಣ್ಣು.

ಬಲಗೈಯವರಿಗೆ ಬಲಗಣ್ಣೇ ಮುಂದಿದ್ದರೆ ಚಿಂತೆ ಇಲ್ಲ. ಅಡ್ಡವಾಗಿದ್ದರೆ ಕೋಚ್ ಜೊತೆ ಕೂತು ಈಗಲೇ ತೀರ್ಮಾನ ಮಾಡಿ: ಎಡಗೈ ರೈಫಲ್‌ಗೆ ಹೋಗುವುದಾ, ಅಥವಾ ಬಲಗೈಯಲ್ಲೇ ಮುಂದುವರಿದು ಎಡಗಣ್ಣಿನ ಮುಂದೆ ಬ್ಲೈಂಡರ್ (ಮರೆಪಟ್ಟಿ) ಹಾಕುವುದಾ. ಬ್ಲೈಂಡರ್‌ನ ಅಗಲ 30 ಮಿ.ಮೀ. ಮೀರುವಂತಿಲ್ಲ. ಹಿಡಿಕೆಯೇ ಎಡಗೈ ಬಲಗೈ ಬೇರೆ ಬೇರೆ ಇರುವುದರಿಂದ, ರೈಫಲ್ ಕೊಂಡ ಮೇಲೆ ಈ ವಿಷಯ ಗೊತ್ತಾದರೆ ನಷ್ಟ.

ಕಣ್ಣನ್ನು ಬಿಗಿಯಾಗಿ ಮುಚ್ಚಿ ಗುರಿ ಇಡುವ ಅಭ್ಯಾಸ ಬೇಡ. ಮುಖದ ಸ್ನಾಯು ಬಿಗಿಯುತ್ತದೆ, ತೆರೆದ ಕಣ್ಣೂ ಬೇಗ ದಣಿಯುತ್ತದೆ.

ಹಂತ 2: ರೈಫಲ್ ಆಯ್ಕೆ

ಬ್ಯಾರೆಲನ್ನು ಕೆಳಕ್ಕೆ ಮಡಚಿ ತುಂಬುವ ಸ್ಪ್ರಿಂಗ್ ರೈಫಲ್‌ನಲ್ಲಿ ಟ್ರಿಗರ್ ಒತ್ತಿದ ಮೇಲೆ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ಪೆಲ್ಲೆಟ್ ಇನ್ನೂ ನಳಿಗೆಯಲ್ಲಿ ಇರುವಾಗಲೇ ರೈಫಲ್ ಅಲುಗುತ್ತದೆ. ಹಿಡಿಯುವುದು, ನೋಡುವುದು ಕಲಿಯಲು ಸಾಕು, ಸ್ಪರ್ಧೆಗೆ ಸಾಲದು. ಸ್ಪರ್ಧೆಯಲ್ಲಿ ಇಂದು ಬಳಸುವುದು ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿದ ಸಿಲಿಂಡರ್ ಇರುವ ರೈಫಲ್. ಒಳಗಿನ ರೆಗ್ಯುಲೇಟರ್ ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಬಿಡುತ್ತದೆ.

ಫೈನ್‌ವೆರ್ಕ್‌ಬಾವ್, ವಾಲ್ಥರ್, ಆನ್‌ಶುಟ್ಸ್, ಸ್ಟೈಯರ್ ಇವು ರೇಂಜ್‌ಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು. ಲಕ್ಷಗಳ ಮಾತು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಇವುಗಳ ಬ್ಯಾರೆಲ್‌ಗಳ ನಡುವೆ ಹೊಸಬರಿಗೆ ತಿಳಿಯುವಷ್ಟು ವ್ಯತ್ಯಾಸ ಇಲ್ಲ. ನೋಡಬೇಕಾದದ್ದು ಸ್ಟಾಕ್ ಎಷ್ಟು ಕಡೆ, ಎಷ್ಟು ದೂರ ಹೊಂದಿಸಲು ಬರುತ್ತದೆ ಎಂಬುದನ್ನು. 14 ವರ್ಷದ ಮಗು ಎರಡು ವರ್ಷದಲ್ಲಿ ಎತ್ತರವಾಗುತ್ತದೆ, ಅಲ್ವಾ? ರೈಫಲ್ ಕೂಡ ಅದರ ಜೊತೆ ಬೆಳೆಯಬೇಕು. ಮೊದಲ ಕೆಲವು ತಿಂಗಳು ಕ್ಲಬ್ಬಿನ ರೈಫಲ್‌ನಲ್ಲೇ ಕಲಿಯಿರಿ. ನಿಲುವು ಗಟ್ಟಿಯಾದ ಮೇಲೆ ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಸಿಲಿಂಡರ್ ಮೇಲಿನ ತಯಾರಿಕೆಯ ತಾರೀಕು ನೋಡಿ. ಸಿಲಿಂಡರ್‌ಗೆ ತಯಾರಕರು ಕೊಟ್ಟ ಆಯಸ್ಸು ಇರುತ್ತದೆ. ಅದು ಮುಗಿದಿದ್ದರೆ ಬೆಲೆಯಲ್ಲಿ ಹೊಸ ಸಿಲಿಂಡರ್‌ನ ಹಣ ಕಳೆದು ಲೆಕ್ಕ ಹಾಕಿ. ಅವಧಿ ಮುಗಿದ ಸಿಲಿಂಡರ್‌ಗೆ ಗಾಳಿ ತುಂಬಿಸಲೇಬೇಡಿ.

ನಿಯಮದ ಮಿತಿ ಎರಡು ನೆನಪಿಡಿ. ಸೈಟ್ (ಗುರಿ ನೋಡುವ ಸಾಧನ), ತೂಕದ ಬಿಲ್ಲೆ ಎಲ್ಲ ಸೇರಿ ರೈಫಲ್ 5.5 ಕೆ.ಜಿ. ದಾಟಬಾರದು. ದುರ್ಬೀನು ಹಾಕುವಂತಿಲ್ಲ.

ಹಂತ 3: ನಿಲುವು, ಬಟ್ ಪ್ಲೇಟ್, ಉದ್ದ

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸದ ಬೇರು ಇದು.

ಮೊದಲ ಷರತ್ತು: ಜಾಕೆಟ್, ಪ್ಯಾಂಟ್, ಶೂ ಎಲ್ಲ ಹಾಕಿಕೊಂಡೇ ಹೊಂದಿಸಿ. ಮನೆಯಲ್ಲಿ ಟೀ ಶರ್ಟ್ ಹಾಕಿಕೊಂಡು ಅಳತೆ ಮಾಡಿ, ರೇಂಜ್‌ಗೆ ಹೋಗಿ ಜಾಕೆಟ್ ಹಾಕಿದರೆ ಉದ್ದವೇ ಬೇರೆಯಾಗಿರುತ್ತದೆ. ಅತಿ ಹೆಚ್ಚು ಕಾಣುವ ತಪ್ಪು ಇದೇ.

ಇನ್ನು ಮುಂದೆ ಬಲಗೈಯವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತೇನೆ, ಎಡಗೈಯವರು ತಿರುಗಿಸಿ ಓದಿಕೊಳ್ಳಿ. ರೈಫಲ್ ಇಲ್ಲದೆ ನಿಲ್ಲಿ. ಎಡ ಪಕ್ಕ ಗುರಿಪಟದ ಕಡೆ, ಪಾದಗಳ ನಡುವೆ ಭುಜದಷ್ಟು ಅಂತರ. ಸೊಂಟವನ್ನು ಸ್ವಲ್ಪ ಗುರಿಯ ಕಡೆ ತಳ್ಳಿ. ಎಡ ಮೊಣಕೈ ಸೊಂಟದ ಎಲುಬಿನ ಮೇಲೆ, ಅಥವಾ ಅದಕ್ಕೆ ತುಸು ಮೇಲೆ ಪಕ್ಕೆಗೆ ಒರಗಿ, ಕೂರಬೇಕು. ಈಗ ರೈಫಲ್‌ನ ಭಾರ ಅಂಗೈಯಿಂದ ಮುಂಗೈ ಎಲುಬಿಗೆ, ಅಲ್ಲಿಂದ ಸೊಂಟಕ್ಕೆ, ಅಲ್ಲಿಂದ ಎಡಗಾಲಿಗೆ ಇಳಿಯಬೇಕು. ಭಾರ ಹೊರುವುದು ಎಲುಬು. ಸ್ನಾಯು ಹೊತ್ತರೆ ಹತ್ತನೇ ಗುಂಡಿಗೇ ನಡುಕ ಶುರುವಾಗುತ್ತದೆ, ಇನ್ನೂ 50 ಬಾಕಿ ಇರುತ್ತದೆ.

ತಲೆ ನೆಟ್ಟಗಿರಲಿ. ಈ ನಿಲುವಿನಲ್ಲಿ ಕಣ್ಣು ಎಲ್ಲಿದೆಯೋ ಅಲ್ಲಿಗೆ ರೈಫಲ್ ಏರಿ ಬರಬೇಕು. ರೈಫಲ್ ಇರುವಲ್ಲಿಗೆ ಕತ್ತು ಬಗ್ಗಿಸುವುದಲ್ಲ. ಕೈ ಗಿಡ್ಡವಾಗಿ ರೈಫಲ್ ಕೆಳಗೇ ಉಳಿದರೆ ಸ್ಟಾಕ್‌ನ ಮುಂಭಾಗದ ಕೆಳಗೆ ಹ್ಯಾಂಡ್ ರೈಸರ್ (ಕೈಯನ್ನು ಇಳಿಸಿ ರೈಫಲನ್ನು ಏರಿಸುವ ತುಂಡು) ಹಾಕಿ. ಇನ್ನೂ ಸಾಲದಿದ್ದರೆ ಸೈಟ್‌ಗಳ ಕೆಳಗೆ ರೈಸರ್ ಬ್ಲಾಕ್ ಇಟ್ಟು ಎರಡೂ ಸೈಟನ್ನು ಎತ್ತರಿಸಬಹುದು.

ಈಗ ಬಟ್ ಪ್ಲೇಟ್, ಅಂದರೆ ಭುಜಕ್ಕೆ ಒರಗುವ ಹಿಂದಿನ ಭಾಗ. ತೋಳಿನ ಮೇಲೆ ಕೂರಬಾರದು. ಭುಜದ ಗುಳಿಯಲ್ಲಿ, ಕತ್ತಿಗೆ ಹತ್ತಿರವಾಗಿ ಕೂರಬೇಕು. ಎತ್ತರ ಹೊಂದಿಸಿ, ಓರೆ ಹೊಂದಿಸಿ. ಮೇಲೂ ಕೆಳಗೂ ಒಂದೇ ಸಮ ತಾಗಬೇಕು. ಕನ್ನಡಿ ಮುಂದೆ ಅಥವಾ ಯಾರಿಂದಲಾದರೂ ಫೋಟೊ ತೆಗೆಸಿ ನೋಡಿದರೆ ಬೇಗ ತಿಳಿಯುತ್ತದೆ.

ಉದ್ದ ಅಂದರೆ ಟ್ರಿಗರ್‌ನಿಂದ ಬಟ್ ಪ್ಲೇಟ್‌ವರೆಗಿನ ಅಂತರ. ಶುರುವಿಗೆ ಒಂದು ಅಂದಾಜು ಇದೆ. ಬಲ ಮೊಣಕೈಯನ್ನು ಮೂಲೆಮಟ್ಟಕ್ಕೆ ಮಡಿಸಿ, ಬಟ್ ಪ್ಲೇಟನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿಯಿರಿ. ತೋರುಬೆರಳಿನ ತುದಿಯ ಮೆತ್ತೆ ಟ್ರಿಗರ್‌ಗೆ ಸಲೀಸಾಗಿ ಸಿಗಬೇಕು. ಇದು ಆರಂಭ ಅಷ್ಟೇ. ನಿಂತು ನೋಡಿದಾಗ ಬಲಭುಜ ಹಿಂದಕ್ಕೆ ಎಳೆದಂತಿದ್ದರೆ ಉದ್ದ ಜಾಸ್ತಿ. ಮೂಗು ಸೈಟಿನ ಹತ್ತಿರ ಹೋಗಿ ಮೈ ಮುದುಡಿದಂತೆ ಆದರೆ ಕಡಿಮೆ. ಒಂದು ಸಲಕ್ಕೆ 5 ಮಿ.ಮೀ. ಬದಲಿಸಿ, 40 ಗುಂಡು ಹೊಡೆದ ಮೇಲೆ ನಿರ್ಧಾರ ಮಾಡಿ.

ಒಂದೇ ದಿನದಲ್ಲಿ ಬಟ್ ಪ್ಲೇಟ್, ಉದ್ದ, ಕೆನ್ನೆಪಟ್ಟಿ ಮೂರನ್ನೂ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸುವ ಮೊದಲು ಹಳೆಯ ಅಳತೆ ನೋಟ್‌ಬುಕ್‌ಗೆ ಹೋಗಲಿ.

ಹಂತ 4: ಕೆನ್ನೆಪಟ್ಟಿ ಮತ್ತು ಸೈಟ್

ಕಣ್ಣು ಮುಚ್ಚಿ ರೈಫಲ್ ಏರಿಸಿ. ಕೆನ್ನೆಯನ್ನು ಒತ್ತದೆ, ತಲೆಯ ಭಾರ ಮಾತ್ರ ಬಿಡಿ. ಕಣ್ಣು ತೆರೆಯಿರಿ. ಹಿಂದಿನ ಸೈಟಿನ ತೂತಿನ ನಡುವೆ ಮುಂದಿನ ಸೈಟಿನ ಉಂಗುರ ಕಾಣಬೇಕು. ಉಂಗುರ ತೂತಿನ ಮೇಲ್ಭಾಗಕ್ಕೋ ಕೆಳಭಾಗಕ್ಕೋ ಸರಿದಿದ್ದರೆ ಕೆನ್ನೆಪಟ್ಟಿಯ ಎತ್ತರ ಬದಲಿಸಿ, ಎಡ ಬಲಕ್ಕೆ ಸರಿದಿದ್ದರೆ ಪಟ್ಟಿಯನ್ನು ಒಳಕ್ಕೆ ಹೊರಕ್ಕೆ ಸರಿಸಿ. ಕತ್ತು ತಿರುಗಿಸಿ ಸರಿ ಮಾಡಿಕೊಳ್ಳಬಾರದು.

ಹಿಂದಿನ ಸೈಟನ್ನು ಡಯಾಪ್ಟರ್ ಎನ್ನುತ್ತಾರೆ: ಸಣ್ಣ ತೂತಿನ ಬಿಲ್ಲೆ, ತಿರುಗಿಸಿದರೆ ಆ ತೂತು ಎಡ ಬಲ ಮೇಲೆ ಕೆಳಗೆ ಸರಿಯುವ ಎರಡು ಗುಂಡಿಗಳು. ತೂತನ್ನು 1.0ರಿಂದ 1.2 ಮಿ.ಮೀ. ಆಸುಪಾಸು ಇಟ್ಟು ಶುರುಮಾಡಿ. ರೇಂಜ್‌ನಲ್ಲಿ ಬೆಳಕು ಕಡಿಮೆ ಇದ್ದರೆ ಸ್ವಲ್ಪ ದೊಡ್ಡದು. ಕಣ್ಣಿಗೂ ಬಿಲ್ಲೆಗೂ ಇರುವ ಅಂತರ ಪ್ರತಿ ಗುಂಡಿಗೂ ಒಂದೇ ಇರಲಿ.

ಮುಂದಿನ ಉಂಗುರದ ವಿಷಯದಲ್ಲಿ ಹೊಸಬರು ಸಣ್ಣದನ್ನೇ ಆರಿಸುತ್ತಾರೆ. ಸಣ್ಣ ಉಂಗುರ ಇದ್ದರೆ ನಿಖರತೆ ಜಾಸ್ತಿ ಎಂಬ ಭಾವನೆ. ಆಗುವುದು ಉಲ್ಟಾ. ಕಪ್ಪು ಚೆಂಡಿನ (ಪಟದ ಕಪ್ಪು ಭಾಗದ) ಸುತ್ತ ಬಿಳಿ ಅಂಚು ತೆಳ್ಳಗಾಗಿ, ಸಣ್ಣ ಅಲುಗಾಟವೂ ದೊಡ್ಡದಾಗಿ ಕಂಡು, ಶೂಟರ್ ಗುರಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಟ್ರಿಗರ್ ಜಗ್ಗುವುದು ಅಲ್ಲಿಂದಲೇ ಶುರು. 4 ಮಿ.ಮೀ. ಹತ್ತಿರದ ಉಂಗುರದಿಂದ ಶುರುಮಾಡಿ, ಬಿಳಿ ಅಂಚು ನೆಮ್ಮದಿಯಾಗಿ ಕಾಣಲಿ.

ಸೈಟಿನ ಒಂದು ಕ್ಲಿಕ್‌ಗೆ ಪೆಲ್ಲೆಟ್ ಎಷ್ಟು ಸರಿಯುತ್ತದೆ ಎಂದು ನೀವೇ ಅಳೆಯಿರಿ. ಟೇಬಲ್ ಮೇಲೆ ಮರಳು ಚೀಲಕ್ಕೆ ಒರಗಿಸಿ ಐದು ಗುಂಡು ಹೊಡೆಯಿರಿ. 10 ಕ್ಲಿಕ್ ತಿರುಗಿಸಿ ಮತ್ತೆ ಐದು. ಎರಡು ಗುಂಪಿನ ನಡುವಿನ ದೂರವನ್ನು 10ರಿಂದ ಭಾಗಿಸಿ. ಇದರಿಂದ ಇನ್ನೊಂದು ಲಾಭ: ಸೈಟ್ ಮೇಲಿನ ಬಾಣದ ಗುರುತುಗಳು ಎಲ್ಲ ಕಂಪನಿಯಲ್ಲೂ ಒಂದೇ ಅರ್ಥದವಲ್ಲ. ಯಾವ ಕಡೆ ತಿರುಗಿಸಿದರೆ ಗುಂಡು ಯಾವ ಕಡೆ ಹೋಗುತ್ತದೆ ಎಂದು ಸ್ಪರ್ಧೆಯ ಗಡಿಬಿಡಿಯಲ್ಲಿ ಕಲಿಯುವುದಕ್ಕಿಂತ ಈಗಲೇ ತಿಳಿದು ಬರೆದಿಡುವುದು ಒಳ್ಳೆಯದು.

ಹಂತ 5: ಟ್ರಿಗರ್ ಮತ್ತು ಸಮತೋಲ

ಏರ್ ರೈಫಲ್ ಟ್ರಿಗರ್‌ಗೆ ಕನಿಷ್ಠ ತೂಕದ ನಿಯಮ ಇಲ್ಲ. ಹಾಗೆಂದು ಉಸಿರು ತಾಗಿದರೆ ಹೊಡೆಯುವಷ್ಟು ಹಗುರ ಮಾಡಬೇಡಿ, ಅದು ಅಪಾಯ. ಎರಡು ಘಟ್ಟದ ಟ್ರಿಗರ್‌ನಲ್ಲಿ ಮೊದಲು ಸ್ವಲ್ಪ ದೂರ ಸಲೀಸಾಗಿ ಬಂದು, ಒಂದು ಕಡೆ ನಿಲ್ಲುತ್ತದೆ. ಆ ನಿಲುಗಡೆ ಬೆರಳಿಗೆ ಸ್ಪಷ್ಟವಾಗಿ ತಿಳಿಯಬೇಕು. ಅಲ್ಲಿಂದ ಆಚೆ ಸ್ವಲ್ಪ ಒತ್ತಡ, ಗುಂಡು. ಹೊಸಬರಿಗೆ 100 ಗ್ರಾಂ ಸುತ್ತಮುತ್ತ ಸಾಕು. ಬೆರಳು ಟ್ರಿಗರ್‌ನ ಬ್ಲೇಡನ್ನು (ಬೆರಳು ತಾಗುವ ಪಟ್ಟಿ) ನೇರವಾಗಿ ಹಿಂದಕ್ಕೆ ಒತ್ತುವಂತಿರಲಿ, ಸ್ಟಾಕ್‌ಗೆ ಬೆರಳಿನ ಪಕ್ಕ ಉಜ್ಜಬಾರದು.

ತೂಕದ ಬಿಲ್ಲೆಗಳನ್ನು ಕೊನೆಗೆ ನೋಡಿ. ರೈಫಲ್‌ನ ಭಾರದ ಕೇಂದ್ರ ಎಡಗೈ ಮೇಲೆ, ಅಥವಾ ತುಸು ಮುಂದೆ ಬಂದರೆ ನೆಮ್ಮದಿ. ಮಕ್ಕಳಿಗೆ ಬಿಲ್ಲೆಗಳನ್ನೆಲ್ಲ ತೆಗೆದುಬಿಡಿ. ಭಾರದ ರೈಫಲ್ ಹೊತ್ತು ಬೆನ್ನು ಬಗ್ಗಿಸಿ ನಿಲ್ಲುವುದನ್ನು ಕಲಿತರೆ ಆ ಬೆನ್ನುನೋವು ಮುಂದೆ ಬಿಡುವುದಿಲ್ಲ. ಬೆನ್ನು ನೋಯುತ್ತಿದೆ ಎಂದು ಮಗು ಹೇಳಿದರೆ ಅವತ್ತು ಅಲ್ಲಿಗೇ ನಿಲ್ಲಿಸಿ.

ಹಂತ 6: ಹೊಂದಿತೋ ಇಲ್ಲವೋ, ಪರೀಕ್ಷೆ

ಖಾಲಿ ರೈಫಲ್ ಹಿಡಿದು ನಿಲುವು ತೆಗೆದುಕೊಳ್ಳಿ. ಕಣ್ಣು ಮುಚ್ಚಿ ಎರಡು ಸಲ ಉಸಿರಾಡಿ, ಮೈ ಸಡಿಲ ಬಿಡಿ. ಕಣ್ಣು ತೆರೆಯಿರಿ. ಕಪ್ಪು ಚೆಂಡು ಉಂಗುರದೊಳಗೇ ಇದೆಯಾ? ಇದ್ದರೆ ನಿಮ್ಮ ಮೈ ಸಹಜವಾಗಿ ಗುರಿಯ ಕಡೆಯೇ ನೋಡುತ್ತಿದೆ. ಎಡ ಬಲಕ್ಕೆ ಸರಿದಿದ್ದರೆ ತೋಳಿನಿಂದ ಎಳೆಯಬೇಡಿ, ಬಲಪಾದವನ್ನು ತುಸು ಸರಿಸಿ. ಮೇಲೆ ಕೆಳಗೆ ಸರಿದಿದ್ದರೆ ಎಡಗೈಯ ಜಾಗ ಅಥವಾ ಬಟ್ ಪ್ಲೇಟ್‌ನ ಎತ್ತರ ಬದಲಿಸಿ.

ಗುಂಡಿಲ್ಲದೆ ಟ್ರಿಗರ್ ಒತ್ತುವ ಡ್ರೈ ಫೈರ್ ಅಭ್ಯಾಸ ಇಲ್ಲಿ ಬಹಳ ಉಪಯೋಗ. ಅನೇಕ ಪಿಸಿಪಿ ಮ್ಯಾಚ್ (ಸ್ಪರ್ಧೆಯ) ರೈಫಲ್‌ಗಳಲ್ಲಿ ಇದಕ್ಕೆಂದೇ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಮಾತ್ರ ಮಾಡಬೇಡಿ, ಪಿಸ್ಟನ್ ಬಡಿದು ಹಾಳಾಗುತ್ತದೆ. ಡ್ರೈ ಫೈರ್‌ಗೆ ಮೊದಲು ನಳಿಗೆ ಖಾಲಿ ಇದೆ ಎಂದು ಕಣ್ಣಾರೆ ನೋಡಿ. ಕೈಯಿಂದ ಕೆಳಗಿಟ್ಟಾಗ ಸೇಫ್ಟಿ ಫ್ಲ್ಯಾಗ್ (ನಳಿಗೆಯಲ್ಲಿ ಹಾಕುವ ಬಣ್ಣದ ದಾರ) ಒಳಗಿರಲಿ. ಮನೆಯಲ್ಲಾದರೂ ಈ ನಿಯಮ ಸಡಿಲಿಸಬೇಡಿ.

ಎಲ್ಲ ಹೊಂದಿದ ಮೇಲೆ ಸ್ಕೇಲ್‌ಗಳ ಅಳತೆಯನ್ನು ಬರೆದು, ಫೋಟೊ ತೆಗೆದಿಡಿ. ಬ್ಯಾರೆಲ್ ಭಾಗವನ್ನು ಸ್ಟಾಕ್‌ಗೆ ಸೇರಿಸುವ ಸ್ಕ್ರೂಗಳನ್ನು ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೇ ಬಿಗಿ ಮಾಡಿ. ಒಂದು ಸಡಿಲವಾದರೂ ಗುಂಡು ಬೀಳುವ ಜಾಗ ಸರಿಯುತ್ತದೆ, ನೀವು ಸೈಟನ್ನು ದೂರುತ್ತೀರಿ.

ಹಂತ 7: ಪೆಲ್ಲೆಟ್ ಹುಡುಕಾಟ

ಇನ್ನೂ ಎಂಟು, ಒಂಬತ್ತು ಹೊಡೆಯುತ್ತಿರುವವರು ಈ ಹಂತಕ್ಕೆ ಹಣ ಹಾಕಬೇಡಿ. ಒಳ್ಳೆಯ ಹೆಸರಿನ ಯಾವುದಾದರೂ ಒಂದು ಮ್ಯಾಚ್ ಪೆಲ್ಲೆಟ್ ಹಿಡಿದು ಅದನ್ನೇ ಬಳಸಿ. 60 ಗುಂಡಿನ ಸರಾಸರಿ 10ರ ಹತ್ತಿರ ಬಂದ ಮೇಲೆ ಮಾತ್ರ ಪೆಲ್ಲೆಟ್‌ನ ವ್ಯತ್ಯಾಸ ನಿಮ್ಮ ಅಂಕಪಟ್ಟಿಯಲ್ಲಿ ಕಾಣುತ್ತದೆ.

ಸ್ಪರ್ಧೆಗೆ ಬಳಸುವುದು ಮುಂಭಾಗ ಚಪ್ಪಟೆ ಇರುವ ವ್ಯಾಡ್‌ಕಟರ್ ಪೆಲ್ಲೆಟ್. ಕಾಗದದಲ್ಲಿ ದುಂಡಗಿನ ಸ್ವಚ್ಛ ತೂತು ಕತ್ತರಿಸುತ್ತದೆ. ಆರ್‌ಡಬ್ಲ್ಯುಎಸ್ ಆರ್10 ಮ್ಯಾಚ್, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಇವು ಪರಿಚಿತ ಹೆಸರುಗಳು. ರೈಫಲ್‌ಗೆ 0.53 ಗ್ರಾಂ ತೂಕದ್ದು ಸಿಗುತ್ತದೆ, ಪಿಸ್ತೂಲಿನದು ಹಗುರ. ಡಬ್ಬಿ ಕೊಳ್ಳುವಾಗ ರೈಫಲ್ ಎಂದು ಬರೆದಿದೆಯೇ ನೋಡಿಕೊಳ್ಳಿ.

ಡಬ್ಬಿಯ ಮೇಲೆ ಇನ್ನೂ ಎರಡು ಸಂಗತಿ ನೋಡಬೇಕು. ಒಂದು ತಲೆಯ ಅಳತೆ: 4.49, 4.50, 4.51 ಮಿ.ಮೀ. ಹೀಗೆ. ಬ್ಯಾರೆಲ್ ಒಳಗಿನ ಸುರುಳಿ ಗೀರುಗಳನ್ನು ಪೆಲ್ಲೆಟ್‌ನ ತಲೆ ಹಿಡಿದು ಸಾಗುತ್ತದೆ. ನೂರನೇ ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಬ್ಯಾಚ್ ಸಂಖ್ಯೆ. ಅಚ್ಚುಗಳು ಸವೆಯುತ್ತವೆ, ಬದಲಾಗುತ್ತವೆ. ಹಾಗಾಗಿ ಅದೇ ಕಂಪನಿ, ಅದೇ ಹೆಸರು, ಅದೇ ಅಳತೆಯಾದರೂ ಬೇರೆ ಬ್ಯಾಚ್ ನಿಮ್ಮ ಬ್ಯಾರೆಲ್‌ನಲ್ಲಿ ಬೇರೆ ಥರ ಹೊಡೆಯಬಹುದು. ಗೆಳೆಯನ ರೈಫಲ್‌ಗೆ ಚೆನ್ನಾಗಿ ಹೊಂದಿದ್ದು ನಿಮ್ಮದಕ್ಕೆ ಹೊಂದಲೇಬೇಕೆಂದಿಲ್ಲ. ದರ್ಜಿ ಅವನ ಅಳತೆಗೆ ಹೊಲಿದ ಅಂಗಿ ನಿಮಗೆ ಆಗಬೇಕೆಂದಿಲ್ಲವಲ್ಲ, ಹಾಗೆ.

ಪರೀಕ್ಷೆ ಹೀಗೆ ಮಾಡಿ.

1. ಕೈಯಲ್ಲಿ ಹಿಡಿದು ಪರೀಕ್ಷಿಸಬೇಡಿ. ನಿಮ್ಮ ಅಲುಗಾಟದಲ್ಲಿ ಪೆಲ್ಲೆಟ್‌ನ ಗುಣ ಮುಚ್ಚಿಹೋಗುತ್ತದೆ. ರೈಫಲನ್ನು ಬಿಗಿಯಾಗಿ ಹಿಡಿಯುವ ವೈಸ್ (ಹಿಡಿಕಟ್ಟು) ಕೆಲವು ರೇಂಜ್‌ಗಳಲ್ಲಿ, ಮಾರಾಟಗಾರರ ಬಳಿ ಇರುತ್ತದೆ. ಅದಿಲ್ಲದಿದ್ದರೆ ಗಟ್ಟಿ ಟೇಬಲ್, ಮುಂದೆ ಹಿಂದೆ ಮರಳು ಚೀಲ. ಸಿಲಿಂಡರ್ ಅಥವಾ ಬ್ಯಾರೆಲ್ ಹಿಡಿದು ವೈಸ್‌ಗೆ ಎಂದೂ ಬಿಗಿಯಬೇಡಿ.

2. ಪ್ರತಿ ಬಗೆಗೆ 10 ಗುಂಡಿನ ಒಂದು ಗುಂಪು. ಪೆಲ್ಲೆಟ್ ಬದಲಿಸಿದಾಗ ಮೊದಲ ಕೆಲವು ಗುಂಡು ಬೇರೆ ಕಡೆ ಹೊಡೆದು ಬಿಡಿ, ಬ್ಯಾರೆಲ್ ಹೊಸದಕ್ಕೆ ಒಗ್ಗಲಿ.

3. ಎಲ್ಲ ಬಗೆ ಒಂದು ಸುತ್ತು ಮುಗಿದ ಮೇಲೆ ಕ್ರಮ ಬದಲಿಸಿ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಮೊದಲು ಹೊಡೆದದ್ದಕ್ಕೆ, ಕೊನೆಗೆ ಹೊಡೆದದ್ದಕ್ಕೆ ಅನ್ಯಾಯ ಆಗಬಾರದು.

4. ಡಬ್ಬಿಗಳಿಗೆ ಸುಮ್ನೆ ನಂಬರ್ ಹಾಕಿ, ಯಾವ ನಂಬರ್ ಯಾವ ಕಂಪನಿ ಎಂಬುದು ನಿಮ್ಮ ಜೊತೆಗಾರರಿಗೆ ಮಾತ್ರ ಗೊತ್ತಿರಲಿ. ದುಬಾರಿ ಡಬ್ಬಿಯ ಮೇಲಿನ ಮೋಹ ಅಳತೆಯ ಒಳಗೂ ನುಸುಳುತ್ತದೆ.

5. ಸ್ಪರ್ಧೆಗೆ ಬಳಸುವ ದಪ್ಪ ಪಟದ ಮೇಲೇ ಹೊಡೆಯಿರಿ. ಪ್ರಿಂಟರ್ ಕಾಗದ ಹರಿಯುತ್ತದೆ, ಅಳತೆ ಸುಳ್ಳಾಗುತ್ತದೆ.

6. ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್‌ನಲ್ಲಿ ಅಳೆದು 4.5 ಕಳೆಯಿರಿ. ಹೊರ ಅಳತೆ 6 ಮಿ.ಮೀ. ಬಂದರೆ, ಅತಿ ದೂರ ಬಿದ್ದ ಎರಡು ಗುಂಡುಗಳ ನಡುಗಳ ಅಂತರ ಬರೀ 1.5 ಮಿ.ಮೀ. ಇದು ಒಳ್ಳೆಯ ಹೊಂದಾಣಿಕೆ. ಹೊಸ ಮ್ಯಾಚ್ ರೈಫಲ್ ಜೊತೆ ಕಾರ್ಖಾನೆಯ ಪರೀಕ್ಷಾ ಕಾರ್ಡ್ ಬಂದಿದ್ದರೆ ಅದನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಇಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ಒಂದು ಬಗೆ ಒಮ್ಮೆ ಅದ್ಭುತವಾದ ಸಣ್ಣ ಗುಂಪು ಕೊಟ್ಟರೆ ಅದನ್ನೇ ಗೆದ್ದಿತೆಂದು ಮನಸ್ಸು ಹಿಡಿದುಕೊಳ್ಳುತ್ತದೆ. ಅದು ಅದೃಷ್ಟವೂ ಇರಬಹುದು. ಐದು ಗುಂಡಿನ ಗುಂಪಿನಲ್ಲಿ ಈ ಮೋಸ ಇನ್ನೂ ಜಾಸ್ತಿ. ನೋಡಬೇಕಾದದ್ದು ಸರಾಸರಿ, ಅದರ ಜೊತೆಗೆ ಅತಿ ಕೆಟ್ಟ ಗುಂಪು ಎಷ್ಟು ಕೆಟ್ಟದಾಗಿತ್ತು ಎಂಬುದು. ಮೂರು ಸುತ್ತಿನಲ್ಲೂ 6.0, 6.1, 5.9 ಕೊಟ್ಟ ಪೆಲ್ಲೆಟ್ಟನ್ನು ನಾನು 5.4, 6.9, 6.3 ಕೊಟ್ಟದ್ದಕ್ಕಿಂತ ಮೇಲೆ ಇಡುತ್ತೇನೆ. ಕೊನೆಗೆ ಉಳಿದ ಎರಡನ್ನು ಇನ್ನೊಂದು ದಿನ ಮತ್ತೆ ಹೊಡೆದು ನೋಡಿ.

ಯಾವ ಪೆಲ್ಲೆಟ್ ಹಾಕಿದರೂ ಗುಂಪು ಹರಡುತ್ತಿದ್ದರೆ ತಪ್ಪು ಪೆಲ್ಲೆಟ್‌ನದಲ್ಲ. ಸ್ಟಾಕ್ ಸ್ಕ್ರೂ, ಸೈಟ್ ಸ್ಕ್ರೂ ನೋಡಿ. ಕ್ರೋನೋಗ್ರಾಫ್ (ಪೆಲ್ಲೆಟ್‌ನ ವೇಗ ಅಳೆಯುವ ಯಂತ್ರ) ಸಿಕ್ಕರೆ ವೇಗ ಅಳೆಯಿರಿ. 0.53 ಗ್ರಾಂ ಪೆಲ್ಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ಹೋಗುತ್ತದೆ. ಒಂದು ಗುಂಡಿಗೂ ಇನ್ನೊಂದಕ್ಕೂ ವೇಗ ಬಹಳ ಏರುಪೇರಾದರೆ ರೆಗ್ಯುಲೇಟರ್ ಕೆಟ್ಟಿರಬಹುದು. ಅದನ್ನು ನೀವೇ ಬಿಚ್ಚಬೇಡಿ, ಒಳಗೆ ಭಾರಿ ಒತ್ತಡದ ಗಾಳಿ ಇದೆ. ತಿಳಿದ ಮೆಕ್ಯಾನಿಕ್ ಹತ್ತಿರ ಕೊಡಿ.

ಹಂತ 8: ಸಂಗ್ರಹ ಮತ್ತು ನಿಗಾ

ಹೊಂದಿದ ಬ್ಯಾಚ್ ಸಿಕ್ಕಿತಾ? ಅಂದೇ ಅದೇ ಬ್ಯಾಚ್‌ನ ಡಬ್ಬಿಗಳನ್ನು ಒಂದು ಹಂಗಾಮಿಗೆ ಆಗುವಷ್ಟು ಕೊಂಡಿಡಿ. ಸಾಮಾನ್ಯವಾಗಿ ಡಬ್ಬಿಯಲ್ಲಿ 500 ಪೆಲ್ಲೆಟ್. ವಾರಕ್ಕೆ 250 ಹೊಡೆಯುವವರಿಗೆ ತಿಂಗಳಿಗೆ ಎರಡು ಡಬ್ಬಿ ಬೇಕು. ಒಳ್ಳೆಯ ಬ್ಯಾಚನ್ನು ಸ್ಪರ್ಧೆಗೂ ಅದರ ಮುಂಚಿನ ಅಭ್ಯಾಸಕ್ಕೂ ಇಟ್ಟುಕೊಂಡು, ದಿನದ ಅಭ್ಯಾಸಕ್ಕೆ ಕಡಿಮೆ ಬೆಲೆಯದು ಬಳಸಬಹುದು.

ಪೆಲ್ಲೆಟ್ ಸೀಸದ್ದು, ಮೆತ್ತಗಿರುತ್ತದೆ. ಡಬ್ಬಿ ಕೆಳಗೆ ಬಿದ್ದರೆ ಹಿಂಭಾಗದ ತೆಳು ಅಂಚು ಬಾಗುತ್ತದೆ. ಬಾಗಿದ್ದನ್ನು ಎತ್ತಿ ಪಕ್ಕಕ್ಕಿಡಿ. ತೇವಕ್ಕೆ ಬಿಳಿ ಪುಡಿ ಹಿಡಿಯುತ್ತದೆ. ಮಂಗಳೂರು, ಉಡುಪಿ ಕಡೆಯವರು, ಮಡಿಕೇರಿ ಮಳೆಯಲ್ಲಿ ಇರುವವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿಡಿ. ಸೀಸ ವಿಷ. ಪೆಲ್ಲೆಟ್ಟನ್ನು ಬಾಯಲ್ಲಿ ಇಟ್ಟುಕೊಳ್ಳಬೇಡಿ, ಶೂಟಿಂಗ್ ನಡುವೆ ತಿಂಡಿ ತಿನ್ನಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಡಬ್ಬಿ ಬೀಗದೊಳಗೆ ಇರಲಿ, ರೈಫಲ್ ಕೂಡ.

ಸಿಲಿಂಡರ್‌ಗೆ ಒಣಗಿದ ಸ್ವಚ್ಛ ಗಾಳಿ ಮಾತ್ರ. ಆಸ್ಪತ್ರೆ ಅಥವಾ ವೆಲ್ಡಿಂಗ್‌ನ ಆಮ್ಲಜನಕ ಯಾವ ಕಾರಣಕ್ಕೂ ತುಂಬಬೇಡಿ, ಎಣ್ಣೆ ಗ್ರೀಸ್ ತಾಗಿದರೆ ಸ್ಫೋಟವಾಗುತ್ತದೆ. ಸಿಲಿಂಡರ್ ಮೇಲೆ ಬರೆದ ಬಾರ್ (ಗಾಳಿಯ ಒತ್ತಡದ ಅಳತೆ) ಮಿತಿ ದಾಟಬಾರದು, ನಿಧಾನವಾಗಿ ತುಂಬಬೇಕು. ಕೈಪಂಪ್ ಬಳಸುವ ಕರಾವಳಿಯವರು ತೇವ ಹೀರುವ ಫಿಲ್ಟರ್ ಇಲ್ಲದೆ ತುಂಬಿಸಬೇಡಿ. ನೀರು ಒಳಗೆ ಹೋದರೆ ರೆಗ್ಯುಲೇಟರ್ ತುಕ್ಕು ಹಿಡಿಯುತ್ತದೆ.

ಬ್ಯಾರೆಲ್ ಒಳಗೆ ವಿಪರೀತ ಉಜ್ಜುವ ಅಗತ್ಯ ಇಲ್ಲ. ಫೆಲ್ಟ್ (ಒತ್ತಿ ಮಾಡಿದ ಉಣ್ಣೆ) ಉಂಡೆಗಳನ್ನು ಆಗಾಗ ಹಾಯಿಸಿದರೆ ಸಾಕು. ಲೋಹದ ಬ್ರಷ್ ಬೇಡ. ಸ್ವಚ್ಛ ಮಾಡಿದ ಮೇಲೆ ಮೊದಲ ಕೆಲವು ಗುಂಡು ಆಚೀಚೆ ಹೋಗುತ್ತವೆ, ಆದ್ದರಿಂದ ಸ್ಪರ್ಧೆಯ ಹಿಂದಿನ ರಾತ್ರಿ ಸ್ವಚ್ಛ ಮಾಡಬೇಡಿ.

ಸ್ಪರ್ಧೆಗೆ ಇಳಿಯುವವರು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಮೂಲಕ ಹೆಸರು ನೋಂದಾಯಿಸಿ. ಅಲ್ಲಿಂದ ರಾಜ್ಯ ಮಟ್ಟ, ಮಾವಳಂಕರ್ ಸ್ಪರ್ಧೆ, ರಾಷ್ಟ್ರೀಯ ಮಟ್ಟ ಹೀಗೆ ದಾರಿ. ಹೋಗುವ ಮೊದಲು ಮನೆಯಲ್ಲೇ ರೈಫಲ್ ತೂಗಿ ನೋಡಿ. ಜಾಕೆಟ್‌ನ ದಪ್ಪವನ್ನೂ ಅಲ್ಲಿ ಅಳೆಯುತ್ತಾರೆ, ಹಾಗಾಗಿ ಗೆಳೆಯರ ಹಳೆಯ ಜಾಕೆಟ್ ಕೊಳ್ಳುವವರು ಈಗಿನ ನಿಯಮಕ್ಕೆ ಅದು ಪಾಸಾಗುತ್ತದಾ ಎಂದು ಮೊದಲೇ ರೇಂಜ್‌ನಲ್ಲಿ ಅಳೆಸಿಕೊಳ್ಳಿ.

ಪೆಲ್ಲೆಟ್ ಪರೀಕ್ಷೆಯನ್ನು ಮತ್ತೆ ಮಾಡಬೇಕಾದ್ದು ಮೂರು ಸಂದರ್ಭದಲ್ಲಿ: ಇಟ್ಟುಕೊಂಡ ಬ್ಯಾಚ್ ಮುಗಿಯಲು ಬಂದಾಗ, ರೆಗ್ಯುಲೇಟರ್ ರಿಪೇರಿ ಆದಾಗ, ಬ್ಯಾರೆಲ್ ಬದಲಾದಾಗ. ಮೈಯ ಹೊಂದಾಣಿಕೆಯನ್ನು ಬೆಳೆಯುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ, ದೊಡ್ಡವರಿಗೆ ಹೊಸ ಜಾಕೆಟ್ ಅಥವಾ ಶೂ ಬಂದಾಗಲೆಲ್ಲ ಹಂತ 3ರಿಂದಲೇ ನೋಡಿಕೊಂಡು ಬನ್ನಿ.